ಲಕ್ವ ಹೊಡೆದ ಮೇಲೆ ಫಿಜಿಯೋಥೆರಪಿ: ಬರೀ ಕೂತು ಏಳಿಸುವುದರಿಂದ ಏನಾಗುತ್ತದೆ?

ಪ್ರಶ್ನೆ: ನಮ್ಮ ತಂದೆಗೆ 63 ವರ್ಷ. ತಿಪಟೂರು ತಾಲ್ಲೂಕಿನ ನಮ್ಮೂರಿನಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದರು. ಐದು ವಾರದ ಹಿಂದೆ ಎಡಗಡೆಗೆ ಲಕ್ವ ಹೊಡೆಯಿತು. ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಆಸ್ಪತ್ರೆಯಿಂದ ಮನೆಗೆ ಬಂದಿದ್ದೇವೆ. ಈಗ ಹಿಡಿದುಕೊಂಡರೆ ನಿಲ್ಲುತ್ತಾರೆ, ನಾಲ್ಕು ಹೆಜ್ಜೆ ಹಾಕುತ್ತಾರೆ. ಕೈ ಮಾತ್ರ ಜೋತು ಬಿದ್ದಿದೆ. ಬೆರಳು ಸ್ವಲ್ಪ ಮಡಚುತ್ತಾರೆ. ಭುಜ ನೋವು ಅಂತಾರೆ. ವಾರಕ್ಕೆ ಮೂರು ದಿನ ಫಿಜಿಯೋಥೆರಪಿಸ್ಟ್ ಮನೆಗೆ ಬಂದು ಅರ್ಧ ಗಂಟೆ ಇರುತ್ತಾರೆ. ಕರೆಂಟ್ ಕೊಡಲ್ಲ, ಮಸಾಜ್ ಮಾಡಲ್ಲ, ಬರೀ ಕೂತು ಏಳಿಸುತ್ತಾರೆ. ಇದಕ್ಕೆ ದುಡ್ಡು ಕೊಡಬೇಕಾ ಎಂದು ಮನೆಯಲ್ಲಿ ಮಾತು. ನಾವೇ ಕಲಿತು ಮಾಡಿಸಿದರೆ ಸಾಲದೇ? ಎಣ್ಣೆ ಹಚ್ಚಿ ನೀವಿಸಿ ಎಂದು ಕೆಲವರು ಹೇಳುತ್ತಾರೆ. ಬೆಂಗಳೂರಿಗೆ ಹೋಗಿ ರೋಬೋಟ್ ಮಷೀನಿನಲ್ಲಿ ಮಾಡಿಸಿ ಎಂದು ಇನ್ನು ಕೆಲವರು. ಮೂರು ತಿಂಗಳಲ್ಲಿ ಆದಷ್ಟೇ, ಆಮೇಲೆ ಏನೂ ಆಗಲ್ಲ ಎನ್ನುತ್ತಾರೆ ನಮ್ಮ ಮಾವ. ಆಸ್ಪತ್ರೆಯಲ್ಲಿ ಮೊದಲ ದಿನವೇ ಎಬ್ಬಿಸಿ ನಡೆಸಲಿಲ್ಲ, ಅದರಿಂದ ತೊಂದರೆ ಆಯಿತಾ? ಫಿಜಿಯೋಥೆರಪಿ ಅಂದ್ರೆ ನಿಜವಾಗಿ ಏನು? ಅಪ್ಪನಿಗೆ ಮೊದಲಿನ ಹಾಗೆ ಆಗುತ್ತಾ? ಇನ್ನೊಂದು ವಿಷಯ, ಅವರು ತಟ್ಟೆಯಲ್ಲಿ ಎಡಗಡೆಯ ಊಟ ಹಾಗೇ ಬಿಡುತ್ತಾರೆ. ಯಾಕೆ ಅಂತ ಗೊತ್ತಾಗುತ್ತಿಲ್ಲ.

ಉತ್ತರ: ಮೊದಲು ಭುಜದ ವಿಷಯ ಹೇಳಿಬಿಡುತ್ತೇನೆ. ಉಳಿದದ್ದನ್ನು ನಿಧಾನವಾಗಿ ಓದಬಹುದು, ಇದು ಇವತ್ತಿನಿಂದಲೇ ಆಗಬೇಕು.

ಭುಜದ ಕೀಲು ಎಂದರೆ ಆಳವಿಲ್ಲದ ಗುಳಿಯ ಮೇಲೆ ಕೂತಿರುವ ಒಂದು ಗುಂಡು. ಅದು ಜಾಗ ಬಿಟ್ಟು ಸರಿಯದಂತೆ ಹಿಡಿದಿರುವುದು ಹೆಚ್ಚಾಗಿ ಸುತ್ತಲಿನ ಸ್ನಾಯುಗಳೇ. ಲಕ್ವ ಹೊಡೆದಾಗ ಆ ಸ್ನಾಯುಗಳು ಸಡಿಲವಾಗುತ್ತವೆ. ಕೈಯ ಭಾರಕ್ಕೆ ಕೀಲು ಕೆಳಗೆ ಜಗ್ಗುತ್ತದೆ. ಅಂಥ ಹೊತ್ತಿನಲ್ಲಿ ಎಡಗೈ ಹಿಡಿದು ಎಳೆದು ಎಬ್ಬಿಸಿದರೆ, ಅಥವಾ ಕಂಕುಳಿಗೆ ಕೈ ಹಾಕಿ ಮೇಲೆತ್ತಿದರೆ, ಕೀಲಿನ ಒಳಗೆ ಪೆಟ್ಟಾಗುತ್ತದೆ. ಪ್ರೀತಿಯಿಂದಲೇ ಎತ್ತಿರುತ್ತೀರಿ, ಆದರೂ ಪೆಟ್ಟು ಪೆಟ್ಟೇ. ಹಾಗಾಗಿ ಮನೆಯವರಿಗೆ, ನೋಡಲು ಬರುವ ನೆಂಟರಿಗೆ ಎಲ್ಲರಿಗೂ ಹೇಳಿಡಿ: ಎಡಗೈ ಎಳೆಯಬಾರದು. ಎಬ್ಬಿಸುವಾಗ ಸೊಂಟದ ಹತ್ತಿರ ಹಿಡಿಯಬೇಕು. ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿದರೆ ಹಿಡಿತ ಚೆನ್ನಾಗಿ ಸಿಗುತ್ತದೆ. ಕೂತಾಗ ಎಡಗೈ ಜೋತು ಬೀಳದ ಹಾಗೆ ತೊಡೆಯ ಮೇಲೆ ದಿಂಬು ಇಟ್ಟು ಅದರ ಮೇಲೆ ಕೈ ಇಡಿಸಿ. ಮಲಗಿದಾಗಲೂ ಭುಜದಿಂದ ಬೆರಳಿನ ತನಕ ದಿಂಬಿನ ಆಸರೆ ಇರಲಿ. ಅಂಗಿ ತೊಡಿಸುವಾಗ ಮೊದಲು ಎಡಗೈ ತೋಳಿಗೆ ಹೋಗಲಿ, ಬಿಚ್ಚುವಾಗ ಅದು ಕೊನೆಗೆ ಬರಲಿ. ಮೇಲೆ ರಾಟೆ ಕಟ್ಟಿ, ಒಳ್ಳೆಯ ಕೈಯಿಂದ ಹಗ್ಗ ಎಳೆದು ಸೋತ ಕೈಯನ್ನು ಎತ್ತಿಸುವ ವ್ಯಾಯಾಮ ಹಲವು ಮನೆಗಳಲ್ಲಿ ನಡೆಯುತ್ತದೆ. ನಿಮ್ಮ ತಂದೆಗೆ ಅದು ಬೇಡವೇ ಬೇಡ. ಭುಜದ ನೋವನ್ನು ಅದು ಜಾಸ್ತಿ ಮಾಡುತ್ತದೆ.

ನೋವಿನ ವಿಷಯವನ್ನು ಫಿಜಿಯೋ ಬಂದಾಗ ಮೊದಲಿಗೇ ಹೇಳಿ. ಭುಜ ನೋಯುತ್ತಿದ್ದರೆ ಜನ ಕೈಯನ್ನು ಮುಟ್ಟಲೂ ಬಿಡುವುದಿಲ್ಲ. ಹಾಗಾದರೆ ಕೈಯ ಚೇತರಿಕೆಯೇ ನಿಂತುಹೋಗುತ್ತದೆ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರುತ್ತೇನೆ. ಫಿಜಿಯೋಥೆರಪಿ ಎಂದರೆ ಕರೆಂಟು, ಶೇಕು, ಮಸಾಜು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದಕ್ಕೆ ಕಾರಣವೂ ಇದೆ. ಈ ವೃತ್ತಿ ಶುರುವಾದದ್ದೇ ಬಹುಪಾಲು ಮಸಾಜಿನಿಂದ. ಲಂಡನ್ನಿನಲ್ಲಿ 1894ರಲ್ಲಿ ನಾಲ್ವರು ನರ್ಸುಗಳು ಸೇರಿ ಕಟ್ಟಿದ ಸಂಘ ತರಬೇತಾದ ಮಸಾಜು ಮಾಡುವವರ ಸಂಘವೇ ಆಗಿತ್ತು. ಮುಂದೆ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರು, ಪೋಲಿಯೋದಿಂದ ಕಾಲು ಸೋತ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬಂದಾಗ ಬರೀ ನೀವುವುದರಿಂದ ಆಗುವುದಿಲ್ಲ ಎಂದು ಗೊತ್ತಾಯಿತು. ಅವರನ್ನು ನಿಲ್ಲಿಸಬೇಕಿತ್ತು, ನಡೆಸಬೇಕಿತ್ತು, ಕೆಲಸಕ್ಕೆ ವಾಪಸ್ ಕಳಿಸಬೇಕಿತ್ತು. ನಮ್ಮ ದೇಶದಲ್ಲೂ ಪೋಲಿಯೋ ಕಾಲದಲ್ಲೇ, 1950ರ ದಶಕದಲ್ಲಿ, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಈ ಶಿಕ್ಷಣ ಶುರುವಾಯಿತು. ಇವತ್ತು ಮಂಡಿ ಬದಲಾಯಿಸಿದವರಿಂದ ಹಿಡಿದು ಐಸಿಯುನಲ್ಲಿ ಕಫ ಕಟ್ಟಿದವರ ತನಕ ಫಿಜಿಯೋಗಳು ನೋಡುತ್ತಾರೆ. ಎಲ್ಲ ಕಡೆಯೂ ಮುಖ್ಯ ಕೆಲಸ ಒಂದೇ. ಕಳೆದುಹೋದ ಚಲನೆ ಯಾವುದು, ಅದು ಯಾಕೆ ಹೋಯಿತು ಎಂದು ಪರೀಕ್ಷೆ ಮಾಡುವುದು. ಆಮೇಲೆ ರೋಗಿ ಅದನ್ನು ತಾನೇ ಮತ್ತೆ ಮಾಡುವಂತೆ ಹಂತ ಹಂತವಾಗಿ ತಯಾರು ಮಾಡುವುದು.

'ತಾನೇ' ಎಂದೆನಲ್ಲ, ನಾನು ಹೇಳಬೇಕಾದ ಮುಖ್ಯ ಮಾತು ಅದೇ. ನಿಮ್ಮ ತಂದೆಯ ಕೈಕಾಲಿನ ಸ್ನಾಯುಗಳಿಗೆ ಏನೂ ಆಗಿಲ್ಲ. ಪೆಟ್ಟು ಬಿದ್ದಿರುವುದು ಮೆದುಳಿನ ಬಲಭಾಗಕ್ಕೆ. ಎಡಗೈ ಎಡಗಾಲಿಗೆ ಅಪ್ಪಣೆ ಕೊಡುವ ಜಾಗ ಅದು. ಅಲ್ಲಿ ಸತ್ತುಹೋದ ಜೀವಕೋಶಗಳು ಮತ್ತೆ ಹುಟ್ಟುವುದಿಲ್ಲ. ಆದರೆ ಸುತ್ತಮುತ್ತಲಿನ ಕೋಶಗಳಲ್ಲಿ ಕೆಲವು ಬರೀ ಮಂಕಾಗಿರುತ್ತವೆ. ಊತ ಇಳಿದ ಮೇಲೆ ಅವು ಮತ್ತೆ ಕೆಲಸಕ್ಕೆ ಬರುತ್ತವೆ. ಮೊದಲ ವಾರಗಳಲ್ಲಿ ಕಾಣುವ ಸುಧಾರಣೆಯಲ್ಲಿ ಒಂದು ಪಾಲು ಹೀಗೆ ತಾನಾಗಿಯೇ ಬರುವಂಥದ್ದು. ಇನ್ನೊಂದು ಪಾಲು ಬರುವುದು ಕಲಿಕೆಯಿಂದ. ಉಳಿದಿರುವ ಕೋಶಗಳು ಹೊಸ ಸಂಪರ್ಕ ಕಟ್ಟಿಕೊಂಡು ಹೋದವರ ಕೆಲಸವನ್ನು ತಾವು ವಹಿಸಿಕೊಳ್ಳುತ್ತವೆ. ರೋಗಿ ಒಂದು ಕೆಲಸ ಮಾಡಲು ಪ್ರಯತ್ನಿಸಿ, ತಪ್ಪಿ, ತಿದ್ದಿಕೊಂಡು, ಮತ್ತೆ ಮತ್ತೆ ಮಾಡಿದಾಗ ಮಾತ್ರ ಈ ಸಂಪರ್ಕ ಗಟ್ಟಿಯಾಗುತ್ತದೆ. ಹಳ್ಳಿಯ ಬಾವಿಯಲ್ಲಿ ಈಜು ಕಲಿಸುವುದನ್ನು ನೀವು ನೋಡಿರುತ್ತೀರಿ. ಮೊದಲು ಬೆನ್ನಿಗೆ ಸೋರೆ ಬುರುಡೆ ಕಟ್ಟುತ್ತಾರೆ, ಹೊಟ್ಟೆ ಕೆಳಗೆ ಕೈ ಕೊಡುತ್ತಾರೆ, ದಿನ ಕಳೆದಂತೆ ಒಂದೊಂದೇ ಆಸರೆ ತೆಗೆಯುತ್ತಾರೆ. ಕೈಕಾಲು ಬಡಿಯಬೇಕಾದವನು ಕಲಿಯುವ ಹುಡುಗನೇ. ಒಳ್ಳೆಯ ಫಿಜಿಯೋ ಮಾಡುವುದೂ ಅದೇ: ಎಷ್ಟು ಆಸರೆ ಕೊಡಬೇಕು, ಯಾವಾಗ ತೆಗೆಯಬೇಕು ಎಂದು ಅಳೆದು ನೋಡುವುದು.

ಹಾಗಾಗಿ 'ಬರೀ ಕೂತು ಏಳಿಸುತ್ತಾರೆ' ಎಂದು ನೀವು ಬರೆದಾಗ ನನಗೆ ಸಮಾಧಾನವಾಯಿತು. ನಿಮ್ಮ ಮನೆಗೆ ಬರುತ್ತಿರುವವರು ಸರಿಯಾದ ಕೆಲಸ ಮಾಡಿಸುತ್ತಿದ್ದಾರೆ. ಅವರನ್ನು ಬಿಡಬೇಡಿ. ಕೂತು ಏಳುವುದು ಸಣ್ಣ ಕೆಲಸ ಅನ್ನಿಸುತ್ತದೆ, ಅಲ್ವಾ? ಆದರೆ ತೊಡೆ, ಸೊಂಟ, ಪಾದ, ಸಮತೋಲ ಎಲ್ಲಕ್ಕೂ ಒಟ್ಟಿಗೆ ಅಭ್ಯಾಸ ಕೊಡುವ ಇಂಥ ಇನ್ನೊಂದು ವ್ಯಾಯಾಮ ಹುಡುಕುವುದು ಕಷ್ಟ. ಕಕ್ಕಸಿಗೆ ಹೋಗಬೇಕಾದರೂ, ಮಂಚದಿಂದ ಇಳಿಯಬೇಕಾದರೂ ಅದೇ ಬೇಕು.

ಕೊರತೆ ಇರುವುದು ಬೇರೆ ಕಡೆ. ವಾರಕ್ಕೆ ಮೂರು ಅರ್ಧ ಗಂಟೆ ಎಂದರೆ ಒಟ್ಟು ಒಂದೂವರೆ ಗಂಟೆ. ಬ್ರಿಟನ್ನಿನಲ್ಲಿ 2023ರಲ್ಲಿ ಬಂದ ಲಕ್ವ ಚಿಕಿತ್ಸೆಯ ಮಾರ್ಗಸೂಚಿ ದಿನಕ್ಕೆ ಕನಿಷ್ಠ 3 ಗಂಟೆ, ವಾರಕ್ಕೆ ಕನಿಷ್ಠ 5 ದಿನ ಚಿಕಿತ್ಸೆ ಬೇಕು ಎನ್ನುತ್ತದೆ. ಫಿಜಿಯೋ, ಮಾತಿನ ತರಬೇತಿ, ದಿನದ ಕೆಲಸಗಳ ತರಬೇತಿ ಎಲ್ಲ ಸೇರಿ ಅಷ್ಟು. ನಮ್ಮಲ್ಲಿ ಅಷ್ಟು ಹೊತ್ತು ಮನೆಗೆ ಬಂದು ಕೂರುವವರು ಸಿಗುವುದಿಲ್ಲ, ಸಿಕ್ಕರೂ ಖರ್ಚು ತಡೆಯಲಾಗದು. ಇನ್ನೊಂದು ಲೆಕ್ಕವೂ ಇದೆ. ಅಮೆರಿಕ, ಕೆನಡಾಗಳ ಕೇಂದ್ರಗಳಲ್ಲಿ ಲಕ್ವ ರೋಗಿಗಳ ಚಿಕಿತ್ಸೆಯನ್ನು ಕೂತು ಎಣಿಸಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಕೈಯಿಂದ ನಿಜವಾದ ಕೆಲಸ ಮಾಡಿಸುವ ಚಲನೆ ಒಂದು ಸಲದ ಚಿಕಿತ್ಸೆಯಲ್ಲಿ ಸರಾಸರಿ 32 ಬಾರಿ ಮಾತ್ರ ನಡೆಯುತ್ತಿತ್ತು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮೆದುಳು ಬದಲಾದದ್ದು ದಿನಕ್ಕೆ ನೂರಾರು ಬಾರಿ ಮಾಡಿಸಿದಾಗ. ಮುಂದುವರಿದ ದೇಶಗಳಲ್ಲೇ ಹೀಗಿದ್ದರೆ ನಮ್ಮ ಅರ್ಧ ಗಂಟೆ ಎಲ್ಲಿಗೆ ಸಾಕಾದೀತು? ಅಂದರೆ ಫಿಜಿಯೋ ಹೋದ ಮೇಲೆ ಉಳಿಯುವ ಹೊತ್ತೇ ನಿಜವಾದ ಚಿಕಿತ್ಸೆಯ ಹೊತ್ತು.

ಹಾಗಾದರೆ ನಾವೇ ಕಲಿತು ಮಾಡಿಸಿ ಫಿಜಿಯೋ ಬಿಡಬಹುದಲ್ಲ ಎಂಬ ನಿಮ್ಮ ಪ್ರಶ್ನೆಗೆ ನಮ್ಮ ದೇಶದಲ್ಲೇ ಒಂದು ದೊಡ್ಡ ಅಧ್ಯಯನ ನಡೆದಿದೆ. 14 ಆಸ್ಪತ್ರೆಗಳ 1250 ಲಕ್ವ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಮನೆಯವರಿಗೆ ತರಬೇತಿ ಕೊಟ್ಟು, ಮನೆಯಲ್ಲಿ ಅವರೇ ಮಾಡಿಸುವಂತೆ ಹೇಳಿದರು. ಇನ್ನೊಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. 2017ರಲ್ಲಿ ಫಲಿತಾಂಶ ಬಂತು. ಆರು ತಿಂಗಳ ನಂತರ ಸಾವಿನಲ್ಲಾಗಲಿ, ಬೇರೆಯವರ ಮೇಲೆ ಅವಲಂಬಿಸುವುದರಲ್ಲಾಗಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿ ಮನೆಯವರ ಶ್ರಮ ದಂಡ ಎಂದುಕೊಳ್ಳಬೇಡಿ. ನಾನು ಅರ್ಥಮಾಡಿಕೊಂಡಿರುವುದು ಇಷ್ಟು: ಕೆಲವು ದಿನ ಹೇಳಿಕೊಟ್ಟು ಜವಾಬ್ದಾರಿಯನ್ನೆಲ್ಲ ಮನೆಯವರ ತಲೆಗೆ ಹಾಕಿದರೆ ಸಾಲದು. ವಾರ ವಾರ ರೋಗಿ ಬದಲಾಗುತ್ತಾರೆ. ವ್ಯಾಯಾಮವೂ ಬದಲಾಗಬೇಕು. ಇವತ್ತು ಸುಲಭವಾದದ್ದನ್ನು ನಾಳೆ ಕಷ್ಟ ಮಾಡಬೇಕು. ಅದನ್ನು ತೂಗಿ ನೋಡಲು ಕಲಿತವರ ಕಣ್ಣು ಬೇಕು, ದಿನವೂ ಮಾಡಿಸಲು ಮನೆಯವರು ಬೇಕು. ದುಡ್ಡಿನ ತೊಂದರೆ ಇದ್ದರೆ ವಾರಕ್ಕೆ ಮೂರು ದಿನದ ಬದಲು ಎರಡು ದಿನ ಬರಲಿ. ಆದರೆ ಪ್ರತಿ ಸಲ ಮನೆಯಲ್ಲಿ ಏನು ಮಾಡಬೇಕೆಂದು ಬರೆದು ಕೊಟ್ಟು, ನಿಮ್ಮ ಕೈಯಲ್ಲೇ ಮಾಡಿಸಿ ನೋಡಿ ಹೋಗಲಿ. ಅವರು ಬಿಪಿಟಿ ಅಥವಾ ಎಂಪಿಟಿ (ಫಿಜಿಯೋಥೆರಪಿಯ ಪದವಿ, ಸ್ನಾತಕೋತ್ತರ ಪದವಿ) ಓದಿದವರೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಕೆಲವು ತಿಂಗಳ ಕೋರ್ಸು ಮಾಡಿ ಬೋರ್ಡು ಹಾಕಿಕೊಂಡವರೂ ಇರುತ್ತಾರೆ. ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಫಿಜಿಯೋಥೆರಪಿ ವಿಭಾಗ ಇರುತ್ತದೆ. ಅಲ್ಲಿ ಖರ್ಚು ತುಂಬ ಕಡಿಮೆ.

ಮನೆಯಲ್ಲಿ ಏನು ಮಾಡಿಸಬೇಕು? ನಿಮ್ಮ ಫಿಜಿಯೋ ಹೇಳಿದ್ದೇ ಮುಖ್ಯ. ನಾನು ಬರೆಯುವುದನ್ನು ಅವರಿಗೆ ತೋರಿಸಿ, ಒಪ್ಪಿದರೆ ಮಾಡಿ.

ಕೂತು ಏಳುವುದನ್ನು ದಿನಕ್ಕೆ ನಾಲ್ಕೈದು ಸರತಿಯಲ್ಲಿ ಹಂಚಿ. ಗಟ್ಟಿಯಾದ, ಅಲುಗಾಡದ ಕುರ್ಚಿ ಬೇಕು. ಕಷ್ಟವಾದರೆ ದಪ್ಪ ಮಡಿಕೆಯ ಜಮಖಾನ ಹಾಕಿ ಎತ್ತರ ಮಾಡಿ. ದಿನ ಕಳೆದಂತೆ ಮಡಿಕೆ ತೆಗೆಯುತ್ತಾ ಬನ್ನಿ. ಏಳುವ ಮೊದಲು ಎರಡೂ ಪಾದ ಸ್ವಲ್ಪ ಹಿಂದಕ್ಕೆ ಬರಲಿ, ಹಿಮ್ಮಡಿ ನೆಲಕ್ಕೆ ತಾಗಿರಲಿ. ಮುಂದಕ್ಕೆ ಬಾಗಿ, ಮೂಗು ಕಾಲ್ಬೆರಳಿನ ನೇರಕ್ಕೆ ಬಂದ ಮೇಲೆ ಏಳಲಿ. ಹೆಚ್ಚಿನವರು ಒಳ್ಳೆಯ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ಎದ್ದುಬಿಡುತ್ತಾರೆ. ಆಗ ಸೋತ ಕಾಲಿಗೆ ಏನೂ ಸಿಗುವುದಿಲ್ಲ. ಬಲಗಾಲನ್ನು ಒಂದು ಗೇಣು ಮುಂದಿಟ್ಟರೆ ಎಡಗಾಲು ತಾನಾಗಿ ಭಾರ ಹೊರುತ್ತದೆ. ಕೂರುವಾಗ ದೊಪ್ಪನೆ ಬೀಳದೆ ನಿಧಾನವಾಗಿ ಕೂರಬೇಕು. ಆ ಇಳಿಯುವ ಅಭ್ಯಾಸವೂ ಏಳುವಷ್ಟೇ ಮುಖ್ಯ. ಯಾರಾದರೂ ಒಬ್ಬರು ಎಡಗಡೆ ನಿಂತಿರಲೇಬೇಕು.

ನಿಲ್ಲುವುದು ಗಟ್ಟಿಯಾದ ಮೇಲೆ ಅಡುಗೆ ಕಟ್ಟೆ ಹಿಡಿದು ಪಕ್ಕಕ್ಕೆ ಹೆಜ್ಜೆ ಹಾಕಿಸಿ, ಸಣ್ಣ ಮಣೆಯ ಮೇಲೆ ಒಂದೊಂದೇ ಪಾದ ಇಡಿಸಿ. ನಡೆಯುವಾಗ ಎಡಗಾಲಿನ ಮುಂಪಾದ ನೆಲಕ್ಕೆ ಉಜ್ಜುತ್ತಿದೆಯೇ ನೋಡಿ. ಉಜ್ಜುತ್ತಿದ್ದರೆ ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ. ಅಳತೆ ನೋಡಿ ಕೊಡಿಸಬೇಕು. ಕೋಲು ಬಲಗೈಯಲ್ಲಿರಲಿ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಕೊಡಿಸಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಹೊಸ್ತಿಲು, ಮಡಚಿದ ಚಾಪೆ, ಬಚ್ಚಲ ಒದ್ದೆ ನೆಲ, ಇವು ಮೂರೂ ಬೀಳಿಸುವ ಜಾಗಗಳು. ಕೆಳಗೆ ಕುಕ್ಕರಗಾಲಲ್ಲಿ ಕೂರುವ ಕಕ್ಕಸಾದರೆ ಮೇಲೆ ಇಡುವ ಕಮೋಡ್ ಕುರ್ಚಿ ತನ್ನಿ, ಪಕ್ಕದ ಗೋಡೆಗೆ ಒಂದು ಹಿಡಿ ಹಾಕಿಸಿ. ಒಂದು ಸಲ ಬಿದ್ದು ತೊಡೆ ಮೂಳೆ ಮುರಿದರೆ ತಿಂಗಳುಗಳ ಶ್ರಮ ಹೋಗುತ್ತದೆ. ಬೀಳುವ ಹೆದರಿಕೆ ಒಮ್ಮೆ ಹೊಕ್ಕರೆ ಅದನ್ನು ತೆಗೆಯುವುದು ಮೂಳೆ ಕೂಡಿಸುವುದಕ್ಕಿಂತ ಕಷ್ಟ.

ಕೈಗೆ ಸ್ಪಂಜಿನ ಚೆಂಡು ಕೊಟ್ಟು ಹಿಸುಕಿಸುವುದು ಎಲ್ಲ ಮನೆಗಳಲ್ಲೂ ಇದೆ, ನಿಮ್ಮಲ್ಲೂ ಇರಬಹುದು. ತಂದೆಯವರು ಬೆರಳು ಮಡಚುತ್ತಾರೆ ಎಂದು ಬರೆದಿದ್ದೀರಿ. ಲಕ್ವದ ನಂತರ ಮಡಚುವ ಸ್ನಾಯುಗಳೇ ಮೊದಲು ಎಚ್ಚರವಾಗಿ, ಬರಬರುತ್ತಾ ಬಿಗಿಯಾಗುವುದು ಸಾಮಾನ್ಯ. ಕಷ್ಟವಾಗುವುದು ಬೆರಳು ಬಿಡಿಸುವುದು. ದಿನವಿಡೀ ಚೆಂಡು ಹಿಸುಕಿದರೆ ಆಗಲೇ ಬಿಗಿಯಾಗುತ್ತಿರುವುದಕ್ಕೇ ಮತ್ತಷ್ಟು ಅಭ್ಯಾಸ ಕೊಟ್ಟಂತಾಗುತ್ತದೆ. ಬದಲಿಗೆ ಮೇಜಿನ ಮೇಲೆ ಟವೆಲ್ ಹಾಸಿ ಎರಡೂ ಕೈ ಅದರ ಮೇಲಿಟ್ಟು ಒರೆಸುವ ಹಾಗೆ ಮುಂದಕ್ಕೆ ಹಿಂದಕ್ಕೆ ತಳ್ಳಿಸಿ. ಬೆಂಚಿನ ಮೇಲೆ ಕೂತು, ಎಡ ಅಂಗೈ ಪಕ್ಕದಲ್ಲಿ ಅಗಲಿಸಿ ಊರಿ, ಅದರ ಮೇಲೆ ಸ್ವಲ್ಪ ಭಾರ ಹಾಕಿಸಿ. ಲೋಟದ ಹತ್ತಿರಕ್ಕೆ ಕೈ ಚಾಚಲಿ, ಬೆರಳು ತೆರೆಯಲು ಪ್ರಯತ್ನಿಸಲಿ. ತೆರೆಯದಿದ್ದರೂ ಪ್ರಯತ್ನ ನಡೆಯಬೇಕು, ಆಮೇಲೆ ನೀವು ಸಹಾಯ ಮಾಡಿ. ಕೈಗೆ ಸ್ವಲ್ಪ ಸ್ವಾಧೀನ ಬಂದ ಮೇಲೆ ಅವರಿಗೆ ಬೇಕಾದ ಕೆಲಸವನ್ನೇ ವ್ಯಾಯಾಮ ಮಾಡಿ: ಪಂಚೆ ಕಟ್ಟುವುದು, ಟವೆಲ್ ಮಡಚುವುದು, ಚೊಂಬು ಹಿಡಿದು ಕೈ ತೊಳೆಯುವುದು. ಸುಮ್ನೆ ಕೈ ಮೇಲೆ ಕೆಳಗೆ ಮಾಡಿಸುವುದಕ್ಕಿಂತ ಅರ್ಥ ಇರುವ ಕೆಲಸವನ್ನು ಮೆದುಳು ಬೇಗ ಕಲಿಯುತ್ತದೆ. ಮನಸ್ಸೂ ಅದರಲ್ಲಿ ನಿಲ್ಲುತ್ತದೆ.

ದುಡ್ಡಿಲ್ಲದೆ ಆಗುವ ಇನ್ನೊಂದು ಉಪಾಯ ಕನ್ನಡಿ. ಮೇಜಿನ ನಡುವೆ ಉದ್ದಕ್ಕೆ ಕನ್ನಡಿ ನಿಲ್ಲಿಸಿ, ಎಡಗೈ ಕನ್ನಡಿಯ ಹಿಂದೆ ಇಡಿಸಿ. ಬಲಗೈ ಆಡಿಸುತ್ತಾ ಕನ್ನಡಿಯಲ್ಲಿ ನೋಡಿದರೆ ಎಡಗೈಯೇ ಆಡುತ್ತಿರುವಂತೆ ಕಾಣುತ್ತದೆ. ವಿ.ಎಸ್. ರಾಮಚಂದ್ರನ್ ಎಂಬ ಮೆದುಳು ವಿಜ್ಞಾನಿ 1990ರ ದಶಕದಲ್ಲಿ ಇದನ್ನು ಮೊದಲು ಕೈ ಕತ್ತರಿಸಿಹೋದವರ ನೋವಿಗೆ ಬಳಸಿದರು. ಆಮೇಲೆ ಲಕ್ವಕ್ಕೂ ಬಂತು, ಕೈಯ ಚಲನೆಗೆ ಸ್ವಲ್ಪ ಸಹಾಯವಾಗುತ್ತದೆ ಎಂದು ಕಂಡುಬಂದಿದೆ. ಕನ್ನಡಿ ಅಲುಗದಂತೆ ಭದ್ರವಾಗಿರಲಿ.

ಈಗ ತಟ್ಟೆಯ ವಿಷಯ. ನೀವು ಇದನ್ನು ಗಮನಿಸಿ ಬರೆದದ್ದು ತುಂಬ ಒಳ್ಳೆಯದಾಯಿತು. ಮೆದುಳಿನ ಬಲಭಾಗಕ್ಕೆ ಪೆಟ್ಟಾದಾಗ ಕೆಲವರಿಗೆ ಎಡಗಡೆಯ ಜಗತ್ತಿನ ಮೇಲೆ ಗಮನವೇ ಹೋಗುವುದಿಲ್ಲ. ಕಣ್ಣು ಸರಿಯಿದ್ದರೂ ಹೀಗಾಗಬಹುದು. ಎಡಗಡೆಯ ಪಲ್ಯ ಬಿಡುತ್ತಾರೆ, ಎಡಗೆನ್ನೆ ಬೋಳಿಸುವುದಿಲ್ಲ, ಬಾಗಿಲಿನ ಎಡ ಚೌಕಟ್ಟಿಗೆ ಭುಜ ತಾಗಿಸುತ್ತಾರೆ, ಎಡಗೈ ತೊಡೆಯಡಿ ಸಿಕ್ಕಿಕೊಂಡರೂ ಗೊತ್ತಾಗುವುದಿಲ್ಲ. ಮನೆಯವರಿಗೆ ಇದು ಹಟ, ಅಸಡ್ಡೆ, ಇಲ್ಲವೇ ಅರಳುಮರಳು ಅನ್ನಿಸುತ್ತದೆ. ಎಷ್ಟೋ ಮನೆಗಳಲ್ಲಿ ಇದಕ್ಕಾಗಿ ರೋಗಿಯನ್ನು ಬೈಯುತ್ತಾರೆ, ಅದು ನನಗೆ ಬಹಳ ನೋವಿನ ಸಂಗತಿ. ಅವರ ತಪ್ಪು ಇದರಲ್ಲಿ ಏನೂ ಇಲ್ಲ.

ಇದಕ್ಕೂ ತರಬೇತಿ ಇದೆ. ತಟ್ಟೆಯ ಎಡ ಅಂಚಿಗೆ, ಮೇಜಿನ ಎಡ ಅಂಚಿಗೆ ಎದ್ದು ಕಾಣುವ ಕೆಂಪು ಟೇಪ್ ಅಂಟಿಸಿ. ಊಟ ಶುರು ಮಾಡುವ ಮೊದಲು ಆ ಕೆಂಪು ಗೆರೆ ಹುಡುಕಿ, ಅಲ್ಲಿಂದ ಬಲಕ್ಕೆ ಬನ್ನಿ ಎಂದು ಹೇಳಿ. ಅವರ ಎಡಗಡೆ ಕೂತು ಮಾತಾಡಿ, ಅವರು ತಲೆ ತಿರುಗಿಸಿ ನಿಮ್ಮನ್ನು ಹುಡುಕಲಿ. ಎಡಗೈಯನ್ನು ಅವರ ಬಲಗೈಯಿಂದಲೇ ಮುಟ್ಟಿ ತಿಕ್ಕಲು ಹೇಳಿ. ಎಡಗಡೆ ಬಿಸಿ ಚಹಾ, ಒಲೆ, ಚೂಪಾದ ವಸ್ತು ಇರದಂತೆ ನೋಡಿಕೊಳ್ಳಿ. ನಿಮ್ಮ ವೈದ್ಯರಿಗೂ ಫಿಜಿಯೋಗೂ ಇದನ್ನು ತಪ್ಪದೆ ತಿಳಿಸಿ. ಕಣ್ಣಿನ ನೋಟದ ಎಡ ಅರ್ಧವೇ ಹೋಗಿದೆಯೇ ಎಂದು ಅವರು ಬೇರೆಯಾಗಿ ಪರೀಕ್ಷಿಸಬೇಕು. ಗಮನ ಎಡಕ್ಕೆ ಬಾರದಿದ್ದರೆ ಕಾಲಿಗೆ ಎಷ್ಟೇ ಬಲ ಬಂದರೂ ಒಬ್ಬರೇ ಓಡಾಡುವುದು ಅಪಾಯ.

ರೋಬೋಟ್ ಮಷೀನಿನ ಬಗ್ಗೆ ನನ್ನ ಮಾತು ನೇರ: ಅದಕ್ಕಾಗಿ ತೋಟ ಅಡ ಇಡಬೇಡಿ. ಬ್ರಿಟನ್ನಿನಲ್ಲಿ 770 ಲಕ್ವ ರೋಗಿಗಳ ಮೇಲೆ ಕೈಗೆ ರೋಬೋಟ್ ತರಬೇತಿಯನ್ನು ಪರೀಕ್ಷಿಸಿದರು. 2019ರಲ್ಲಿ ಬಂದ ಫಲಿತಾಂಶದಲ್ಲಿ ಮಾಮೂಲಿ ಚಿಕಿತ್ಸೆಗಿಂತ ಕೈಯ ಕೆಲಸ ಹೆಚ್ಚು ಸುಧಾರಿಸಲಿಲ್ಲ. ಅಮೆರಿಕದಲ್ಲಿ 408 ರೋಗಿಗಳ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅಲ್ಲಿ ಕೆಲವರಿಗೆ ಮೈಭಾರವನ್ನು ಮೇಲಿಂದ ಎತ್ತಿ ಹಿಡಿದು ಟ್ರೆಡ್‌ಮಿಲ್ ಮೇಲೆ ನಡೆಸಿದರು. ಇನ್ನು ಕೆಲವರಿಗೆ ಫಿಜಿಯೋ ಮನೆಗೇ ಬಂದು ಬಲ ಮತ್ತು ಸಮತೋಲದ ವ್ಯಾಯಾಮ ಮಾಡಿಸಿದರು. ಒಂದು ವರ್ಷದ ಮೇಲೆ ನೋಡಿದರೆ ಒಟ್ಟು ರೋಗಿಗಳಲ್ಲಿ 52% ಜನರ ನಡಿಗೆ ಒಂದು ಹಂತ ಮೇಲೇರಿತ್ತು. ಟ್ರೆಡ್‌ಮಿಲ್ ಗುಂಪು ಮುಂದೆ ಹೋಗಿರಲಿಲ್ಲ. ಮನೆಯಲ್ಲಿ ಮಾಡಿದವರೂ ಅಷ್ಟೇ ಸುಧಾರಿಸಿದ್ದರು. ಮಷೀನು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಏನೂ ಸ್ವಾಧೀನ ಇಲ್ಲದವರಿಗೆ ಹೆಚ್ಚು ಸಲ ಮಾಡಿಸಲು ಅನುಕೂಲ. ನಿಮ್ಮ ತಂದೆ ಆಗಲೇ ಹೆಜ್ಜೆ ಹಾಕುತ್ತಿದ್ದಾರೆ. ಬೆಂಗಳೂರಿಗೆ ಹೋಗುವುದಾದರೆ ನಿಮ್ಹಾನ್ಸ್‌ನ ನರರೋಗ ಪುನಶ್ಚೇತನ ವಿಭಾಗದಂಥ ಕಡೆ ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ, ಮನೆಗೆ ಯೋಜನೆ ಬರೆಸಿಕೊಂಡು ಬನ್ನಿ.

ಕರೆಂಟಿಗೂ ಒಂದು ಜಾಗ ಇದೆ. ಜಗ್ಗಿದ ಭುಜಕ್ಕೆ, ಎತ್ತಲಾಗದ ಪಾದಕ್ಕೆ ಸಣ್ಣ ವಿದ್ಯುತ್ ಕೊಟ್ಟು ಸ್ನಾಯು ಕುಗ್ಗಿಸುತ್ತಾರೆ. ಆ ಹೊತ್ತಿನಲ್ಲೇ ರೋಗಿಯೂ ಪಾದ ಎತ್ತಲು ಪ್ರಯತ್ನಿಸಿದರೆ ಲಾಭ. ಮಲಗಿಸಿ, ಮಷೀನು ಹಾಕಿ, ಫೋನ್ ನೋಡುತ್ತಾ ಕೂತರೆ ಏನೂ ಬರುವುದಿಲ್ಲ.

ಎಣ್ಣೆ ಹಚ್ಚುವುದನ್ನು ನಾನು ಬೇಡ ಅನ್ನುವುದಿಲ್ಲ. ಹಗುರವಾಗಿ ಸವರಿದರೆ ಹಿತ, ಚರ್ಮಕ್ಕೂ ಒಳ್ಳೆಯದು, ಮಗನ ಕೈ ಮೈಮೇಲೆ ಬಿದ್ದರೆ ತಂದೆಗೆ ಧೈರ್ಯ. ಆದರೆ ಅದು ನಡೆಯಲು ಕಲಿಸುವುದಿಲ್ಲ. ಭುಜ ಹಿಡಿದು ತಿರುಚುವವರ ಕೈಗೆ ಕೊಡಬೇಡಿ. ಸ್ಪರ್ಶ ಕಡಿಮೆ ಇರುವ ಕಡೆ ಬಿಸಿ ಶೇಕ ಕೊಟ್ಟರೆ ಸುಟ್ಟರೂ ಗೊತ್ತಾಗುವುದಿಲ್ಲ. ಮೀನಖಂಡ ಊದಿ, ನೋವಿದ್ದು, ಮುಟ್ಟಿದರೆ ಬಿಸಿ ಇದ್ದರೆ ಅದನ್ನು ಖಂಡಿತ ನೀವಬೇಡಿ. ಒಳಗಿನ ರಕ್ತನಾಳದಲ್ಲಿ ಹೆಪ್ಪು ಇರಬಹುದು, ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಅವತ್ತೇ ಆಸ್ಪತ್ರೆಗೆ ತೋರಿಸಿ.

ಮಾವ ಹೇಳಿದ ಮೂರು ತಿಂಗಳ ಮಾತಿನಲ್ಲಿ ಅರ್ಧ ಸತ್ಯ ಇದೆ. ವೇಗವಾಗಿ ಸುಧಾರಿಸುವುದು ಮೊದಲ ಮೂರು ತಿಂಗಳಲ್ಲೇ, ಹಾಗಾಗಿ ಈಗಿನ ವಾರಗಳು ಬಹಳ ಬೆಲೆಯವು. ಆದರೆ ಆಮೇಲೆ ಬಾಗಿಲು ಮುಚ್ಚುವುದಿಲ್ಲ. ಅಮೆರಿಕದಲ್ಲಿ 222 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಲ್ಲರೂ ಲಕ್ವ ಹೊಡೆದು 3ರಿಂದ 9 ತಿಂಗಳು ಕಳೆದವರು. ಅವರಲ್ಲಿ ಒಂದು ಗುಂಪಿನವರ ಒಳ್ಳೆಯ ಕೈಗೆ ಗವಸು ಹಾಕಿ ಕಟ್ಟಿಟ್ಟು, ಎರಡು ವಾರ ಸೋತ ಕೈಯಲ್ಲೇ ಎಲ್ಲ ಕೆಲಸ ಮಾಡಿಸಿದರು. ಕೈಯ ಬಳಕೆ ಚೆನ್ನಾಗಿ ಹೆಚ್ಚಿತು, ಒಂದು ವರ್ಷದ ನಂತರವೂ ಉಳಿದಿತ್ತು. ಎಡ್ವರ್ಡ್ ಟಾಬ್ ಎಂಬ ವಿಜ್ಞಾನಿ ರೂಪಿಸಿದ ವಿಧಾನ ಇದು. ಸೋತ ಕೈಯಿಂದ ಕೆಲಸ ಆಗದೆ ಬೇಸತ್ತು ನಾವು ಒಳ್ಳೆಯ ಕೈಯನ್ನೇ ಬಳಸುತ್ತೇವೆ. ಬರಬರುತ್ತಾ ಬಳಸದಿರುವುದೇ ಅಭ್ಯಾಸವಾಗುತ್ತದೆ, ಸ್ವಲ್ಪ ಶಕ್ತಿ ವಾಪಸ್ ಬಂದರೂ ಕೈ ಸುಮ್ಮನೆ ಬಿದ್ದಿರುತ್ತದೆ. ಮಣಿಕಟ್ಟು ಮತ್ತು ಬೆರಳುಗಳನ್ನು ಸ್ವಲ್ಪವಾದರೂ ಹಿಂದಕ್ಕೆ ಎತ್ತಬಲ್ಲವರಿಗೆ ಮಾತ್ರ ಇದು. ನಿಮ್ಮ ತಂದೆ ಆ ಹಂತಕ್ಕೆ ಬಂದಾಗ ಫಿಜಿಯೋ ಹತ್ತಿರ ಕೇಳಿ. ನೀವಾಗಿ ಈಗಲೇ ಬಲಗೈ ಕಟ್ಟಬೇಡಿ.

ಮೊದಲ ದಿನ ಎಬ್ಬಿಸಲಿಲ್ಲ ಎಂಬ ಕೊರಗು ಬಿಟ್ಟುಬಿಡಿ. ಐದು ದೇಶಗಳ 2104 ರೋಗಿಗಳ ಅಧ್ಯಯನವೊಂದು 2015ರಲ್ಲಿ ಬಂತು. ಮೊದಲ 24 ಗಂಟೆಯೊಳಗೇ ಎಬ್ಬಿಸಿ ಜಾಸ್ತಿ ಜಾಸ್ತಿ ನಡೆಸಿದವರಿಗೆ ಮೂರು ತಿಂಗಳ ನಂತರದ ಫಲಿತಾಂಶ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಸ್ವಲ್ಪ ಕಡಿಮೆಯೇ ಇತ್ತು.

ಮೊದಲಿನ ಹಾಗೆ ಆಗುತ್ತಾ? ನೋಡದೆ ಖಚಿತವಾಗಿ ಹೇಳುವುದು ತಪ್ಪಾಗುತ್ತದೆ. ಐದು ವಾರಕ್ಕೆ ಆಸರೆಯಿಂದ ನಿಂತು ಹೆಜ್ಜೆ ಹಾಕುತ್ತಿರುವುದು ಒಳ್ಳೆಯ ಲಕ್ಷಣ. ಮನೆಯೊಳಗೆ ಕೋಲು ಹಿಡಿದು ಓಡಾಡುವ ಗುರಿ ಇಟ್ಟುಕೊಳ್ಳುವುದು ಅತಿ ಆಸೆಯಲ್ಲ. ಕೈ ಸಾಮಾನ್ಯವಾಗಿ ಕಾಲಿಗಿಂತ ತಡ, ಎಷ್ಟೋ ಜನರಲ್ಲಿ ಪೂರ್ತಿ ಬರುವುದೂ ಇಲ್ಲ. ಭುಜ ಎತ್ತುವುದು, ಬೆರಳು ಬಿಡಿಸುವುದು, ಇವೆರಡು ಕಾಣಿಸಿಕೊಂಡರೆ ಆಸೆ ಹೆಚ್ಚು. ಕೈ ಬಿಗಿಯಾಗುತ್ತಾ ಹೋಗಿ ಬೆರಳು ಬಿಡಿಸಲೇ ಆಗದಂತಾದರೆ ವೈದ್ಯರಿಗೆ ಹೇಳಿ. ಮಾತ್ರೆಯೂ ಇದೆ, ಬಿಗಿಯಾದ ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ನೂ ಇದೆ.

ಕೆಲವು ದಿನ ಅವರು ಏನೂ ಬೇಡ, ಬಿಡಿ ಎನ್ನಬಹುದು. ಲಕ್ವದ ನಂತರದ ಸುಸ್ತು ನಿಜವಾದದ್ದು, ನಿದ್ದೆ ಮಾಡಿದರೂ ಹೋಗುವುದಿಲ್ಲ. ಅದಕ್ಕೇ ಒಂದೇ ಸಲ ಒಂದು ಗಂಟೆ ಮಾಡಿಸುವುದಕ್ಕಿಂತ ಹತ್ತು ಹದಿನೈದು ನಿಮಿಷದ ಸರತಿಗಳು ಒಳ್ಳೆಯದು. ಆದರೆ ವಾರಗಟ್ಟಲೆ ಊಟ, ನಿದ್ದೆ, ಮಾತು ಎಲ್ಲ ಕಡಿಮೆಯಾದರೆ ಅದು ಖಿನ್ನತೆ ಇರಬಹುದು. ಲಕ್ವ ಹೊಡೆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಅದು ಬರುತ್ತದೆ, ಅದಕ್ಕೆ ಔಷಧಿ ಇದೆ. ತೋಟ ನೋಡಿಕೊಂಡಿದ್ದವರು ಈಗ ಮಂಚದ ಮೇಲೆ ಇದ್ದಾರೆ. ಕಾಯಿ ಕೀಳಿಸುವ ಲೆಕ್ಕ, ಆಳುಗಳ ಕೂಲಿ, ಕೊಬ್ಬರಿಯ ದರ ಎಲ್ಲವನ್ನೂ ಅವರ ಹತ್ತಿರವೇ ಕೇಳಿ ಮಾಡಿ.

ಊಟ ಮಾಡಿಸುವಾಗ ನೆಟ್ಟಗೆ ಕೂರಿಸಿ. ನೀರು ಕುಡಿದಾಗ ಕೆಮ್ಮು ಬರುತ್ತಿದ್ದರೆ, ಊಟದ ನಂತರ ಗಂಟಲು ಗೊರಗೊರ ಅನ್ನುತ್ತಿದ್ದರೆ ನುಂಗುವ ತೊಂದರೆ ಇರಬಹುದು. ಅದನ್ನು ಮಾತಿನ ತಜ್ಞರು ನೋಡುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಸೌಲಭ್ಯ ಇದೆ.

ಕೊನೆಯದಾಗಿ ಮಾತ್ರೆಗಳು. ರಕ್ತ ತೆಳುವಾಗಿಸುವ ಮಾತ್ರೆ, ಬಿಪಿ ಮಾತ್ರೆ, ಶುಗರ್ ಇದ್ದರೆ ಅದರ ಮಾತ್ರೆ, ಇವನ್ನು ಯಾರ ಮಾತಿಗೂ ನಿಲ್ಲಿಸಬೇಡಿ, ನಾಟಿ ಔಷಧಿ ಶುರು ಮಾಡಿದರೂ ನಿಲ್ಲಿಸಬೇಡಿ. ಬಿಪಿಯನ್ನು ಆಗಾಗ ನೋಡಿಸಿ ಬರೆದಿಡಿ. ವ್ಯಾಯಾಮದ ನಡುವೆ ಎದೆ ನೋವು, ತಲೆ ಸುತ್ತು, ವಿಪರೀತ ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ. ಇದ್ದಕ್ಕಿದ್ದಂತೆ ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಇನ್ನೊಂದು ಕೈ ಸೋತರೆ ಕೂಡಲೇ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಿಗುವ ಹೊತ್ತು ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ಹಾಗಾಗಿ ಸಿಟಿ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದು ಎಂದು ಈಗಲೇ ತಿಳಿದುಕೊಂಡು, ಅದರ ನಂಬರನ್ನು ಮನೆಯವರೆಲ್ಲರ ಫೋನಿನಲ್ಲಿ ಹಾಕಿಡಿ.